ಒಣಗದ ಕಾರು

ನಮ್ಮ ಮಹಡಿಯ ಬಾಡಿಗೆಯವನಿಗೆ ಒಳ್ಳೆಯ ನೌಕರಿಯಿದೆ, ಒಳ್ಳೆಯ ಹೆಂಡತಿಯಿದ್ದಾಳೆ, ಬುದ್ಧಿ ಮಾತ್ರ ಭಾನುವಾರ ರಜೆ ಹಾಕುತ್ತದೆ. ಹೆಸರು ನಿತಿನ್. ಇಲ್ಲೇ ಮಡಿಕೇರಿಯ ಬ್ಯಾಂಕೊಂದರಲ್ಲಿ ಆಫೀಸರು. ಭಾನುವಾರ ಬೆಳಗಾದರೆ ಸಾಕು, ಜಗಲಿಯಲ್ಲಿ ಹಳೆ ಪೇಪರು ಹಾಸಿ, ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ರಬ್ಬರಿನ ಗವಸು ತೊಟ್ಟು ಆಪರೇಷನ್ನಿಗೆ ಕೂರುತ್ತಾನೆ. ರೋಗಿ ಯಾರೆಂದರೆ ಅಂಗೈಯಷ್ಟೂ ಉದ್ದವಿಲ್ಲದ ಆಟದ ಕಾರು. ಲೋಹದ ಎರಕದ್ದು, ಗಟ್ಟಿಮುಟ್ಟಾದದ್ದು, ಅಂಗಡಿಯಿಂದ ಬರುವಾಗ ಯಾವ ಕಾಯಿಲೆಯೂ ಇಲ್ಲದ್ದು. ಅದರ ಹೊಟ್ಟೆಯ ಕೆಳಗಿನ ರಿವೆಟ್ಟನ್ನು ಕೊರೆದು, ಮೈ ಬೇರೆ ತಳ ಬೇರೆ ಮಾಡಿ, ಮೈಯನ್ನು ಒಂದು ಘಾಟು ದ್ರವದಲ್ಲಿ ಅದ್ದುತ್ತಾನೆ. ಕಂಪನಿಯವರು ಮುತುವರ್ಜಿಯಿಂದ ಹಚ್ಚಿದ ಬಣ್ಣ ಹಾವಿನ ಪೊರೆಯ ಹಾಗೆ ಸುಲಿದು ಬರುತ್ತದೆ. ಆಮೇಲೆ ಬೇರೆ ಬಣ್ಣ, ಬೇರೆ ಚಕ್ರ, ಬೇರೆ ಕಿಟಕಿ. ಇಷ್ಟೆಲ್ಲ ಆದ ಮೇಲೆ ಅದು ಮೊದಲಿಗಿಂತ ಚೆನ್ನಾಗಿರುತ್ತದೆಯೇ ಎಂದು ಕೇಳಬೇಡಿ. ಬೇರೆ ಥರ ಇರುತ್ತದೆ, ಅಷ್ಟೆ.

ಹೋದ ಭಾನುವಾರ ಒಂದು ಜೀಪನ್ನು ತಂದು ನನ್ನ ಮೂಗಿನ ಮುಂದೆ ಹಿಡಿದ.

“ನೋಡಿ ಅಜ್ಜಿ, ತುಕ್ಕು!”

ನಿಜ. ಬಾನೆಟ್ಟಿನ ಅಂಚಿನಲ್ಲಿ, ಬಾಗಿಲ ಬುಡದಲ್ಲಿ ಕಂದು ಕಂದಾಗಿ ತುಕ್ಕು.

“ಅಯ್ಯೋ ಪಾಪ, ಅಂಗಡಿಯವನು ಮೋಸ ಮಾಡಿದ್ನಾ?”

“ಇಲ್ಲ ಅಜ್ಜಿ, ನಾನೇ ಬಳಿದದ್ದು. ಇದಕ್ಕೆ ವೆದರಿಂಗ್ ಅಂತಾರೆ.”

“ನಾವು ಅದಕ್ಕೆ ಜೂನ್ ತಿಂಗಳು ಅಂತಿದ್ವಿ.”

ಹೊಸ ಕಾರಿಗೆ ಕೂತು ಕೂತು ತುಕ್ಕು ಬಳಿಯುವ ಮನುಷ್ಯನಿಗೆ ಏನು ಹೇಳುವುದು? ಕೊಡಗಿನಲ್ಲಿ ಹುಟ್ಟಿ ಬೆಳೆದವಳು ನಾನು. ಕೊಡೆಯ ಕಡ್ಡಿ, ಟ್ರಂಕಿನ ಮೂಲೆ, ಬಾಗಿಲ ಚಿಲಕ, ಎಲ್ಲದರ ತುಕ್ಕನ್ನೂ ಬೂದಿ ಹಾಕಿ ತಿಕ್ಕಿ ತಿಕ್ಕಿಯೇ ನನ್ನ ಉಗುರು ಸವೆದದ್ದು. ಈಗ ಅದೇ ತುಕ್ಕನ್ನು ಶೀಸೆಯಲ್ಲಿ ತುಂಬಿ ಮಾರುತ್ತಾರಂತೆ. ನಮ್ಮ ಮನೆಯಲ್ಲಿದ್ದ ಸರಕನ್ನು ಮಾರಿದ್ದರೆ ನಾವು ಬಂಗಲೆ ಕಟ್ಟಬಹುದಿತ್ತು.

“ಇದನ್ನೀಗ ಏನು ಮಾಡ್ತೀಯ?” ಎಂದೆ.

“ಗಾಜಿನ ಬೀರುನಲ್ಲಿ ಇಡ್ತೀನಿ.”

“ಓಡ್ಸಲ್ವಾ?”

ಅವನ ಹೆಂಡತಿಯ ಧಾರೆ ಸೀರೆಯಲ್ಲಿ ನೆಲ ಒರೆಸುತ್ತೇನೆ ಎಂದ ಹಾಗೆ ನನ್ನನ್ನು ನೋಡಿದ. ನಾನು ಕೈ ಚಾಚಿದೆ. ಅವನು ಜೀಪನ್ನು ಹಿಂದಕ್ಕೆ ಎಳೆದುಕೊಂಡ.

“ಮುಟ್ಬೇಡಿ ಅಜ್ಜಿ, ಇನ್ನೂ ಒಣಗಿಲ್ಲ.”

ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಆ ಹುಡುಗನ ಮೇಲಲ್ಲ, ನಮ್ಮಪ್ಪನ ಮೇಲೆ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಆದರೂ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಹೊಸ ಹೊಸ ಕಾರಣಗಳು ಸಿಗುತ್ತಲೇ ಇರುತ್ತವೆ.

ನಮ್ಮಪ್ಪ ರಂಗಪ್ಪನವರು ರೈಟರು. ಮುಂದೆ ನಾನು ಮೈಸೂರಿಗೆ ಓದಲು ಹೋದಾಗ ‘ನಮ್ಮ ತಂದೆ ರೈಟರು’ ಎಂದದ್ದಕ್ಕೆ ಹಾಸ್ಟೆಲಿನ ಹುಡುಗಿಯರು ಅವರ ಕಾದಂಬರಿ ತಂದುಕೊಡು ಎಂದು ಪ್ರಾಣ ತಿಂದರು. ಅಪ್ಪ ಬರೆಯುತ್ತಿದ್ದದ್ದು ಸಿದ್ದಾಪುರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಇವತ್ತು ಕೂಲಿಯವರ ಲೈನಿನಿಂದ ಯಾರು ಕಾಫಿ ಹಣ್ಣಿನ ಪಿಕ್ಕಿಂಗಿಗೆ ಬಂದರು, ಯಾರು ಬರಲಿಲ್ಲ ಎಂಬುದನ್ನು. ಪಾತ್ರಗಳು ಬಹಳ, ಕಥೆ ಒಂದೇ. ನಾನು ಮಾತ್ರ ಬಾಯಿ ಬಿಡದೆ, ‘ಇನ್ನೂ ಬರೀತಾ ಇದ್ದಾರೆ’ ಎಂದು ಒಂದು ವರ್ಷ ಮೆರೆದೆ.

ನಮ್ಮ ತಾತ ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ಹೊಲ ಮಾಡಿದವರು. ಅಪ್ಪನಿಗೆ ಹೊಲ ಹಿಡಿಸಲಿಲ್ಲ. ಚೆನ್ನಾಗಿದ್ದ ನೇಗಿಲನ್ನು ಸರಿ ಮಾಡುತ್ತೇನೆಂದು ಹೋಗಿ ಎರಡು ತುಂಡು ಮಾಡಿದ ಮೇಲೆ ಹೊಲಕ್ಕೂ ಅಪ್ಪ ಹಿಡಿಸಲಿಲ್ಲ. ಹಾಗಾಗಿ ಎಸ್ಟೇಟು ಸೇರಿದರು. ಇದ್ದದ್ದನ್ನು ಇದ್ದ ಹಾಗೆ ಬಿಡುವ ಶಕ್ತಿ ದೇವರು ಅವರಿಗೆ ಕೊಟ್ಟಿರಲಿಲ್ಲ. ಗಡಿಯಾರ ಬಿಚ್ಚಿದರು, ಅದು ಹಗಲು ಮಾತ್ರ ನಡೆಯಲು ಕಲಿಯಿತು. ಕೊಡೆ ಬಿಚ್ಚಿದರು, ಆಮೇಲೆ ಅದನ್ನು ಮಡಿಸಲು ಇಬ್ಬರು ಬೇಕಾದರು. ಅಪ್ಪನನ್ನು ಇಷ್ಟು ಆಡಿಕೊಳ್ಳುವ ನಾನೇನು ಕಡಿಮೆಯಲ್ಲ. ಸ್ಕೂಲಿನಲ್ಲಿ ಮೇಡಮ್ಮಾಗಿ ಇದ್ದಷ್ಟು ಕಾಲ ಮಕ್ಕಳ ಪ್ರಬಂಧಗಳನ್ನು ಕೆಂಪು ಶಾಯಿಯಲ್ಲಿ ಸರಿ ಮಾಡಿ ಮಾಡಿ, ಕೊನೆಗೆ ಅವುಗಳಲ್ಲಿ ಮಕ್ಕಳದ್ದು ಎನ್ನುವಂಥದ್ದು ಹೆಸರೊಂದೇ ಉಳಿಯುತ್ತಿತ್ತು. ರಕ್ತದಲ್ಲೇ ಬಂದದ್ದು, ಯಾರನ್ನು ಬೈಯುವುದು?

ಕಾರಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಎಸ್ಟೇಟಿನ ಇಂಗ್ಲಿಷ್ ದೊರೆ ಸಂಸಾರ ಸಮೇತ ತಮ್ಮ ಸೀಮೆಗೆ ಹೊರಟ ದಿನ ದೊರೆಸಾನಿ ಬಂಗಲೆಯ ಸಾಮಾನುಗಳನ್ನು ಹಂಚಿದಳು. ಅಡುಗೆಯವನಿಗೆ ಕೋಟು, ಮಾಲಿಗೆ ಹ್ಯಾಟು, ಡ್ರೈವರನ ಹೆಂಡತಿಗೆ ಒಂದು ಗಾಜಿನ ಹೂದಾನಿ. ಅಪ್ಪನ ಬೆನ್ನ ಹಿಂದೆ ಅಡಗಿದ್ದ ನನ್ನನ್ನು ಕರೆದು, ನನ್ನ ಕೈಯಲ್ಲಿ ಒಂದು ಕಾರು ಇಟ್ಟಳು. ಕೆಂಪು ಬಣ್ಣ. ಮೇಲೆ ಮಾಡು, ಅಂದರೆ ಚಾವಣಿ, ಇಲ್ಲ. ಒಳಗೆ ಎರಡು ಸೀಟು, ಅಕ್ಕಿ ಕಾಳಿನ ಗಾತ್ರದ ಸ್ಟಿಯರಿಂಗು. ಆಟದ ಸಾಮಾನು ಅಷ್ಟು ಭಾರವಿರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಕಡೆ ಕಾರು ಎಂದರೆ ತೆಂಗಿನ ಚಿಪ್ಪಿಗೆ ದಾರ ಕಟ್ಟಿ ಎಳೆಯುವುದು. ಬಂಗಲೆಯಿಂದ ನಮ್ಮ ಕ್ವಾರ್ಟರ್ಸಿನ ತನಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ. ಅಷ್ಟೇ. ನಾನು ಅದನ್ನು ನನ್ನದು ಎಂದು ಹಿಡಿದದ್ದು ಆ ದಾರಿಯಷ್ಟೇ.

ಮನೆಗೆ ಬಂದ ಕೂಡಲೆ ಅಪ್ಪ, “ಕೊಡವ್ವ ಇಲ್ಲಿ,” ಎಂದರು. ತಿರುಗಿಸಿ ನೋಡಿದರು. “ಅಂಚಲ್ಲಿ ಬಣ್ಣ ಕಿತ್ತದೆ. ಒಂದು ಕೈ ಬಳಿದು ಕೊಡ್ತೀನಿ, ಆಮೇಲೆ ಆಡ್ಕೊಳುವಂತೆ.”

ನನ್ನ ಆಸೆ ದೊಡ್ಡದೇನಾಗಿರಲಿಲ್ಲ. ಆಫೀಸಿನ ಮುಂದೆ ಕಾಫಿ ಒಣಗಿಸುವ ಕಣವಿತ್ತು. ಸಿಮೆಂಟು ಹಾಕಿದ್ದು, ನೀರು ಹರಿದುಹೋಗಲೆಂದು ಒಂದು ಕಡೆಗೆ ಸ್ವಲ್ಪ ಇಳಿಜಾರು. ಆ ಕಣದ ಮೇಲಿನ ತುದಿಯಲ್ಲಿ ಕಾರನ್ನಿಟ್ಟು ಕೈ ಬಿಡಬೇಕು; ಅದು ತನ್ನಷ್ಟಕ್ಕೆ ಕೆಳಗಿನ ತುದಿಯ ತನಕ ಓಡಬೇಕು; ನಾನು ಪಕ್ಕದಲ್ಲೇ ಓಡಬೇಕು. ಇಷ್ಟೇ. ಪಿಕ್ಕಿಂಗ್ ಕಾಲದಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ಮಳೆಗಾಲದಲ್ಲಿ ಪಾಚಿ ಹಿಡಿದಿರುತ್ತದೆ. ನಡುವೆ ಬೇಸಗೆಯಲ್ಲಿ ಕೆಲವೇ ವಾರ ಅದು ಖಾಲಿ. ಆ ಖಾಲಿ ವಾರಗಳಲ್ಲಿ ನನ್ನ ಕಾರು ಒಣಗಿರುತ್ತಿರಲಿಲ್ಲ.

ಏಕೆಂದರೆ ಹೊಸ ದೊರೆ ಬಂದರು. ಅವರು ಇಂಗ್ಲಿಷಿನವರಲ್ಲ, ಕೊಡವರೇ, ಮಿಲಿಟರಿಯಲ್ಲಿದ್ದವರು. ಆದರೂ ಕುರ್ಚಿಯ ಗುಣಕ್ಕೆ ಅವರನ್ನೂ ಎಲ್ಲರೂ ದೊರೆ ಎಂದೇ ಕರೆದರು. ಅವರದು ಕಪ್ಪು ಕಾರು, ಮಾಡು ಇದ್ದದ್ದು. ಅದು ಬಂಗಲೆಯ ಮುಂದೆ ನಿಂತ ಮಾರನೆಯ ದಿನವೇ ಅಪ್ಪನಿಗೆ ನನ್ನ ಕಾರಿನ ಕೆಂಪು ಬಣ್ಣ ಕಣ್ಣಿಗೆ ಚುಚ್ಚತೊಡಗಿತು. ದೊರೆ ಬದಲಾದ ಮೇಲೆ ರೈಟರ ಮನೆಯ ಆಟದ ಕಾರು ಹಳೆಯ ಬಣ್ಣದಲ್ಲಿರುವುದು ಹೇಗೆ? ಚಾಕು ತೆಗೆದುಕೊಂಡರು, ವಾಷಿಂಗ್ ಸೋಡಾ ತೆಗೆದುಕೊಂಡರು, ದೊರೆಸಾನಿ ಕೊಟ್ಟ ಕೆಂಪನ್ನು ಕುದಿಸಿ ಕೆರೆದು ಚರಂಡಿಗೆ ಬಿಟ್ಟರು. ನಾನು ಚರಂಡಿಯ ಪಕ್ಕ ಕೂತು ನೋಡಿದೆ.

ಆಮೇಲೆ ಶುರುವಾಯಿತು. ಸಿಗರೇಟು ಡಬ್ಬಿಯ ತಗಡನ್ನು ಕತ್ತರಿಸಿ ಮಾಡು. ಎಸ್ಟೇಟು ದವಾಖಾನೆಯಿಂದ ಸೂಜಿಮದ್ದಿನ ಬುಡ್ಡಿಗಳ ರಬ್ಬರ್ ಮುಚ್ಚಳ ತಂದು ಟೈರು. ಅಮ್ಮನ ಹೊಸ ರವಿಕೆಯ ಪ್ರೆಸ್ ಬಟನ್ ಕಿತ್ತು ಹೆಡ್‌ಲೈಟು. ಅಮ್ಮ ಆ ವರ್ಷ ಸೇಫ್ಟಿ ಪಿನ್ನಿನಲ್ಲಿ ಮಾನ ಕಾಪಾಡಿಕೊಂಡಳು. ಕಪ್ಪು ಬಣ್ಣ ಮಾತ್ರ ಎಲ್ಲೂ ಸಿಗಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ನಿಗೆ ಬಳಿದು ಉಳಿದಿದ್ದ ಬಣ್ಣ ಡಬ್ಬಿಯಲ್ಲಿ ಹಲ್ವದಂತೆ ಗಟ್ಟಿಯಾಗಿತ್ತು. ಅಪ್ಪ ಅದಕ್ಕೆ ದೀಪದ ಮಸಿ ಸೇರಿಸಿದರು, ತೆಳ್ಳಗಾಗಲೆಂದು ಹರಳೆಣ್ಣೆ ಹುಯ್ದರು, ಕಲಸಿ ಬಳಿದರು. ಮಿರಮಿರ ಮಿಂಚಿತು. ಮಿಂಚುತ್ತಲೇ ಇತ್ತು. ವಾರ ಕಳೆದರೂ, ತಿಂಗಳು ಕಳೆದರೂ ಹಾಗೇ ಮಿಂಚುತ್ತಿತ್ತು.

“ಅಪ್ಪ, ಕಾರು?”

“ಮುಟ್ಬ್ಯಾಡ ಕಣವ್ವ, ಇನ್ನೂ ಒಣಗಿಲ್ಲ.”

ಅಮ್ಮ ಒಲೆಯ ಮುಂದೆ ಕೂತೇ ನಗಾಡಿದಳು. “ಕಣ್ಣಿಗೆ ಹಚ್ಚೋ ಕಾಡಿಗೆ ಮಾಡೋದೂ ಮಸಿ ಹರಳೆಣ್ಣೆನಲ್ಲೇ ಅಲ್ವಾ? ಅದು ಯಾವತ್ತಾದ್ರೂ ಒಣಗಿದ್ದುಂಟಾ? ಕಾರಿಗೆ ದೃಷ್ಟಿ ಆಗ್ಬಾರ್ದು ಅಂತ ಹಚ್ಚಿರಬೇಕು ನಿಮ್ಮಪ್ಪ.”

ಅಪ್ಪನಿಗೆ ಅವಮಾನವಾಯಿತು. ಅವಮಾನವಾದಾಗಲೆಲ್ಲ ಅವರು ಇನ್ನೊಂದು ಕೈ ಬಳಿಯುತ್ತಿದ್ದರು.

ಆಗ ಕೊಡಗು ತನ್ನದೇ ಒಂದು ರಾಜ್ಯ. ಈಗಿನವರಿಗೆ ಹೇಳಿದರೆ ನಾನು ಕಥೆ ಕಟ್ಟುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಮಂತ್ರಿಗಳೆಂದರೆ ಇಬ್ಬರೇ, ಒಬ್ಬರಿಗೆ ನೆಗಡಿಯಾದರೆ ಅರ್ಧ ಸರ್ಕಾರ ಸೀನುತ್ತಿತ್ತು. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಸಿದ್ದಾಪುರದ ಚಹದಂಗಡಿಗಳಲ್ಲಿ ಕೂಗಾಟ. ಅಪ್ಪ ಇದರಲ್ಲಿ ಬಹಳ ದೃಢ ಮನಸ್ಸಿನವರು. ದೊರೆಯ ಎದುರು, “ಸೇರೋದ್ಯಾಕೆ ಸಾರ್, ನಮ್ಮದು ನಮಗೆ,” ಎನ್ನುತ್ತಿದ್ದರು. ಶಿರಂಗಾಲಕ್ಕೆ ಹೋದರೆ ಚಿಕ್ಕಪ್ಪಂದಿರ ಎದುರು, “ಸೇರ್ಲೇಬೇಕು ಕಣ್ರೋ, ಒಂದೇ ಜನ ನಾವು,” ಎನ್ನುತ್ತಿದ್ದರು. ನನ್ನ ಕಾರಿನ ನಂಬರು ಪ್ಲೇಟನ್ನು ಮಾತ್ರ ಖಾಲಿ ಬಿಟ್ಟರು. ಏನಾಗುತ್ತದೋ ನೋಡಿಕೊಂಡು ಬರೆಯೋಣ ಎಂದರು. ಅಂಗುಲದಷ್ಟಿಲ್ಲದ ಒಂದು ತಗಡಿನ ಚೂರಿನ ಮೇಲೆ ಕೂಡ ತಮ್ಮ ಅಭಿಪ್ರಾಯ ಬರೆಯಲು ಹೆದರಿದ ರೈಟರು ಅವರು.

ಇಷ್ಟರಲ್ಲಿ ದೊರೆಯ ಕಾರಿಗೆ ಅಪಘಾತವಾಯಿತು. ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಾರು ನಿಂತಿದ್ದಾಗ ವಿರಾಜಪೇಟೆಯ ಬಸ್ಸು ಹಿಂದಿನಿಂದ ಬಂದು ಬಲ ಮೂಲೆಗೆ ಗುದ್ದಿತು. ಯಾರಿಗೂ ಏಟಾಗಲಿಲ್ಲ, ಹಾಗಾಗಿ ಊರಿಗೆಲ್ಲ ನಿಶ್ಚಿಂತೆಯಿಂದ ಮಾತಾಡಲು ಒಂದು ವಿಷಯ ಸಿಕ್ಕಿತು. ಮಲೆಯಾಳದಲ್ಲಿ, ತಮಿಳಿನಲ್ಲಿ, ತುಳುವಿನಲ್ಲಿ, ಕೊಡವ ಭಾಷೆಯಲ್ಲಿ ಅದೇ ಮಾತು.

ಅಪ್ಪ ಆ ಗುದ್ದನ್ನು ನೋಡಲು ಹೋದವರು ಬೇರೆಯೇ ಒಂದನ್ನು ನೋಡಿಕೊಂಡು ಬಂದರು. ದೊರೆಯ ಕಾರಿಗೆ ಹಿಂದೆ ಸಾಮಾನಿಡುವ ಡಿಕ್ಕಿಯಿದೆ, ನಮ್ಮದಕ್ಕಿಲ್ಲ! ಆ ಕೊರಗಿನಲ್ಲಿ ಅವರಿಗೆ ಊಟ ಸೇರಲಿಲ್ಲ. ಮಾರನೆಯ ದಿನ ಶನಿವಾರ, ನನಗೆ ಅರ್ಧ ದಿನ ಸ್ಕೂಲು. ಅಪ್ಪ ಕಾರನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಹೇಳಿದರು.

“ಬಸ್ ಸ್ಟ್ಯಾಂಡ್ ಹತ್ರ ಬುಡನ್ ಸಾಬ್ರಿಗೆ ಕೊಡು. ಹಿಂದಕ್ಕೊಂದು ಡಿಕ್ಕಿ ಹಾಕ್ಬೇಕಂತೆ ಅನ್ನು. ದೊರೆ ಕಾರಿಗೆ ಹ್ಯಾಗದೆಯೋ ಹಂಗೇ ಇರ್ಬೇಕಂತೆ ಅನ್ನು.”

ಬುಡನ್ ಸಾಬರು ಪಾತ್ರೆಗಳಿಗೆ ಕಲಾಯಿ ಹಾಕುವವರು, ತಗಡಿನ ಕೆಲಸ ಮಾಡುವವರು. ದಾರಿಯಲ್ಲೇ ಕಾರನ್ನು ಒಂದು ಸಲ ಓಡಿಸಬಾರದಿತ್ತೇ ಎಂದು ನೀವು ಕೇಳಬಹುದು. ಬೆರಳು ತಗುಲಿದರೆ ಹಸಿ ಬಣ್ಣದಲ್ಲಿ ಗುರುತು ಉಳಿಯುತ್ತಿತ್ತು. ಅದೂ ಅಲ್ಲದೆ ನಾನಾಗ ಹೇಳಿದ ಮಾತು ಕೇಳುವ ಹುಡುಗಿ. ಆ ದುರಭ್ಯಾಸ ಬಿಡಲು ಮುಂದೆ ಬಹಳ ಕಷ್ಟಪಟ್ಟೆ.

ಸಾಬರಿಗೆ ಒಂದಕ್ಷರ ಆಚೀಚೆಯಾಗದಂತೆ ಒಪ್ಪಿಸಿದೆ. ಅವರು ಹುಬ್ಬೇರಿಸಿದರು.

“ಹಿಂದೆ ಡಿಕ್ಕಿ ಹಾಕ್ಬೇಕಾ ಬೇಟಿ? ದೊರೆ ಕಾರಿಗೆ ಆದಂಗೆ?”

“ಹೂಂ, ದೊರೆ ಕಾರಿಗಿರೋ ಹಾಗೇ.”

“ಬಲಗಡೆ ತಾನೆ? ನಾನೇ ಇಲ್ಲಿ ಕೂತು ನೋಡಿದ್ನಲ್ಲ. ಯಾ ಅಲ್ಲಾ, ನಿಮ್ಮಪ್ಪಂಗೆ ಏನೇನ್ ಶೋಕಿ!”

ಕನ್ನಡದ ಬಡತನ ನೋಡಿ. ಕಾರಿನ ಹಿಂದಿನ ಪೆಟ್ಟಿಗೆಯೂ ಡಿಕ್ಕಿ, ಬಸ್ಸು ಬಂದು ಗುದ್ದುವುದೂ ಡಿಕ್ಕಿ. ಎರಡನ್ನೂ ನಾವು ‘ಹಾಕು’ತ್ತೇವೆ. ಸಾಬರು ಕಾರನ್ನು ಅಡಿಗಲ್ಲಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಗುರಿ ನೋಡಿ, ಬಲ ಮೂಲೆಗೆ ಸುತ್ತಿಗೆಯಲ್ಲಿ ಕೊಟ್ಟರು. ಮಾಡಿನ ತಗಡು ಸೊಟ್ಟಗಾಯಿತು. ಎರಕದ ಮೈ ಬಗ್ಗಲಿಲ್ಲ. ಮೂಲೆ ಚಟ್ಟನೆ ಮುರಿದು ಬಿತ್ತು. ಪೆಟ್ಟಿಗೆ ಕೂರಿಸಲು ಜಾಗ ಮಾಡುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನೆ ನೋಡಿದೆ. ಸಾಬರು ಅದನ್ನು ಮತ್ತೆ ಬಾಳೆಲೆಯಲ್ಲಿ ಸುತ್ತಿ ಕೊಟ್ಟು, “ಥೇಟ್ ದೊರೆದೇ ಕಾರು,” ಎಂದರು.

ಎಲೆ ಬಿಚ್ಚಿದ ಅಪ್ಪ ಕಾರನ್ನು ತಿರುಗಿಸಿ ಮುರಿದ ಮೂಲೆಯನ್ನು ನೋಡಿದರು.

“ಏನಂತ ಹೇಳ್ದೆ ನೀನು?”

“ನೀವು ಹೇಳಿದ್ದನ್ನೇ.”

ಇವತ್ತಿಗೂ ನನ್ನ ಹೇಳಿಕೆ ಅದೇ. ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೆ ಖುಷಿಯಾಯಿತು. ಮುರಿದ ಸಾಮಾನು ಮಕ್ಕಳಿಗೆ ಎಂಬುದು ಎಲ್ಲ ಮನೆಗಳ ಕಾನೂನು. ಜೊತೆಗೆ ಆಗ ಪಿಕ್ಕಿಂಗ್ ಮುಗಿದು ಕಾಫಿಯೆಲ್ಲ ಮೂಟೆಯಾಗಿತ್ತು, ಕಣ ಗುಡಿಸಿಟ್ಟ ಹಾಗೆ ಖಾಲಿಯಿತ್ತು, ಮಳೆ ಇನ್ನೂ ದೂರವಿತ್ತು. ಅಪ್ಪನಿಗೂ ಅಂದು ಸೋಲೊಪ್ಪಿಕೊಳ್ಳುವ ಮನಸ್ಸಾಗಿತ್ತು. “ಆಯ್ತು ಬಿಡವ್ವ, ನಿಂಗೇ ಕೊಡ್ತೀನಿ. ಮುರಿದ ಜಾಗಕ್ಕೊಂದು ಕೈ ಬಣ್ಣ ಕೊಡ್ತೀನಿ. ಸೋಮವಾರ ಸಂಜೆ ಆಫೀಸಿಗೆ ಬಾ, ಕಣದಲ್ಲೇ ಬಿಡುವಂತೆ,” ಎಂದರು. ಕಣದ ಆಸೆ ಅವರಿಗೆ ಗೊತ್ತಿತ್ತು! ಎಷ್ಟೋ ಕಾಲದಿಂದ ಗೊತ್ತಿದ್ದೇ ಅವರು ಬಳಿಯುತ್ತ ಕೂತಿದ್ದರು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಸೋಮವಾರ ಸ್ಕೂಲಿನಿಂದ ನೇರ ಆಫೀಸಿಗೆ ಓಡಿದೆ. ಕಾರು ಅಪ್ಪನ ಮೇಜಿನ ಮೇಲಿತ್ತು. ಅಪ್ಪ ಕಣ್ಣಲ್ಲೇ, ಸ್ವಲ್ಪ ತಾಳು ಎಂದರು. ನಾನು ಮೆಟ್ಟಿಲ ಮೇಲೆ ಕೂತೆ. ಎದುರಿಗೆ ಕಣ. ಎಲ್ಲಿಂದ ಬಿಡಬೇಕು ಎಂದು ನೋಡಿಕೊಳ್ಳುತ್ತಿದ್ದಾಗ ದೊರೆ ಬಂದರು. ಪಾಲಿಬೆಟ್ಟದಲ್ಲಿ ಟೆನಿಸ್ ಆಡಲು ಹೊರಟಿದ್ದರು. ಬಿಳಿ ಷರಟು, ಬಿಳಿ ಪ್ಯಾಂಟು. ಯಾವುದೋ ಕೀಲಿಕೈ ಕೇಳಲು ಬಂದವರ ಕಣ್ಣು ಮೇಜಿನ ಮೇಲೆ ಬಿತ್ತು.

“ರೈಟರೇ, ಇದೆಂತ?”

ಅಪ್ಪ ಎದ್ದು ನಿಂತರು. ಅವರ ಮುಖ ಬಿಳಿಚಿಕೊಂಡಿತು. ದೊರೆಯ ಜಖಂ ಆದ ಕಾರನ್ನು ಆಡಿಕೊಳ್ಳಲು ಮಾಡಿದ ಹಾಗೇ ಇತ್ತು ಅದು.

“ಇದು ನನ್ನ ಕಾರಲ್ವಾ?”

“ಅಲ್ಲ ಸಾರ್... ಹೌದು ಸಾರ್.”

ದೊರೆ ಬಗ್ಗಿ ಸುತ್ತಲೂ ನೋಡಿದರು. ಆಮೇಲೆ ಆಫೀಸು ಹಾರಿಹೋಗುವಂತೆ ನಕ್ಕರು. “ಬಲಗಡೆಗೇ ಹಾಕಿದ್ದೀರಲ್ಲ ಮಾರಾಯ್ರೆ! ಮಾಡು ಕೂಡ ಹಾಗೇ ಸೊಟ್ಟ! ಆ ಬಸ್ಸಿನವನಿಗೂ ಇಷ್ಟು ಸರಿಯಾಗಿ ಗುದ್ದಲಿಕ್ಕೆ ಬರ್ಲಿಲ್ಲ. ಇದನ್ನ ನಮ್ಮ ಫ್ರೆಂಡ್ಸಿಗೆಲ್ಲ ತೋರಿಸ್ಬೇಕು. ನನಗೆ ಕೊಡ್ತೀರಾ?”

ನಾನು ಮೆಟ್ಟಿಲಿನಿಂದ ಎದ್ದು ಬಾಗಿಲ ಹತ್ತಿರ ಬಂದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅವರು ಏನು ಹೇಳುತ್ತಿದ್ದರೋ, ಹಾಗಾಗಿಯೇ ನೋಡಲಿಲ್ಲ ಎಂದು ಈಗ ಅನ್ನಿಸುತ್ತದೆ.

“ತಕೊಳ್ಳಿ ಸಾರ್. ನಿಮಗೆ ಅಂತಲೇ ಮಾಡಿದ್ದು.”

“ಬಣ್ಣ ಹಸಿ ಇಲ್ಲ ತಾನೆ?”

“ಇಲ್ಲ ಸಾರ್,” ಎಂದರು ನಮ್ಮಪ್ಪ. “ಒಣಗಿದೆ ಸಾರ್. ಪೂರ್ತಿ ಒಣಗಿದೆ.”

ದೊರೆ ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಕಣದ ಮೇಲೆಯೇ ನಡೆದು ಹೋದರು. ಬಿಳಿ ಬಟ್ಟೆಯ ಮೇಲೆ ಆ ಮಸಿ ಹರಳೆಣ್ಣೆ ಕೂತ ಪರಿಗೆ ಬಂಗಲೆಯ ದೋಬಿ ಕೈ ಚೆಲ್ಲಿದನಂತೆ. ಆ ಸುದ್ದಿ ತಂದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನನಗೆ ಹೇಳಿದ್ದು ನಿಜ, ದೊರೆಗೆ ಹೇಳಿದ್ದು ಸುಳ್ಳು, ಕಾರು ಸುಳ್ಳಿನ ಜೊತೆ ಹೋಯಿತು. ನನಗೆ ಬಹಳ ದುಃಖವಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಯಾರ ಪರವಾಗಿ ಎಂದು ಹೇಳಬೇಕಾಗಿಲ್ಲ.

ಆ ಮಳೆಗಾಲದಲ್ಲಿ ಅಪ್ಪ ಮೀನಿನ ಡಬ್ಬಿಯ ತಗಡಿನಲ್ಲಿ ನನಗೊಂದು ಹೊಸ ಕಾರು ಮಾಡಿದರು. ಕೆಂಪು ಬಣ್ಣ ಎಲ್ಲಿಂದಲೋ ಹುಡುಕಿ ತಂದಿದ್ದರು. ಮಾಡು ಹಾಕಿರಲಿಲ್ಲ. ಅದನ್ನು ನನ್ನ ಮುಂದೆ ಇಟ್ಟು ಮೆಲ್ಲಗೆ, “ಒಣಗಿದೆ ಕಣವ್ವ,” ಎಂದರು.

“ದೊರೆಗೆ ಕೊಡಿ,” ಎಂದೆ.

ಮತ್ತೆ ಅವರು ಯಾವ ಕಾರನ್ನೂ ಮಾಡಲಿಲ್ಲ. ಕೊಡಗು ಮೈಸೂರಿಗೆ ಸೇರಿತು, ನಂಬರು ಪ್ಲೇಟುಗಳೆಲ್ಲ ಬದಲಾದವು, ಅಪ್ಪನಿಗೆ ಬರೆಯಲು ಒಂದು ಪ್ಲೇಟೂ ಉಳಿದಿರಲಿಲ್ಲ.

ಈ ಭಾನುವಾರ ನಿತಿನ್ ಮತ್ತೆ ಜೀಪು ತಂದ. ಬೀರುವಿಗೆ ಸೇರಿಸುವ ಮೊದಲು ತೋರಿಸಿ ಹೋಗೋಣ ಎಂದು ಬಂದನಂತೆ. ನಾವು ಗೇಟಿನ ಹತ್ತಿರ ನಿಂತಿದ್ದೆವು. ನಮ್ಮ ಮನೆ ಏರಿನ ಮೇಲಿದೆ. ಜಗಲಿಯಿಂದ ಗೇಟಿನ ತನಕ ಸಿಮೆಂಟಿನ ಇಳಿಜಾರು; ಅದಕ್ಕೆ ಹಿಡಿದ ಪಾಚಿಯನ್ನು ಮೊನ್ನೆಯಷ್ಟೇ ಆಳು ಹಿಡಿದು ಕೆರೆಸಿದ್ದೆ.

“ಒಣಗಿದೆಯಾ?” ಎಂದೆ.

“ಒಣಗಿದೆ ಅಜ್ಜಿ.”

“ಪೂರ್ತಿ?”

“ಪೂರ್ತಿ.”

ಹೆಬ್ಬೆರಳು ಒತ್ತಿ ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. “ಚಕ್ರ ತಿರುಗುತ್ತಾ?”

“ಸಖತ್ತಾಗಿ ತಿರುಗುತ್ತೆ. ಬೇರಿಂಗ್ ಹಾಕಿದ್ದೀನಿ.”

ನಾನು ಜೀಪನ್ನು ಹಿಡಿದುಕೊಂಡು ಜಗಲಿಯ ತನಕ ಹತ್ತಿದೆ. ನಾನು ಮನೆಯಲ್ಲಿ ಮಾತ್ರೆ ಏನಾದರೂ ಮರೆತು ಬಂದಿರಬೇಕು ಎಂದುಕೊಂಡು ಅವನು ಅಲ್ಲೇ ನಿಂತ. ಮೊಣಕಾಲು ಬೈದರೂ ಕೇಳದೆ ಬಗ್ಗಿ, ಜೀಪನ್ನು ಸಿಮೆಂಟಿನ ಮೇಲಿಟ್ಟೆ. ಅವನಿಗೆ ಆಗ ಅರ್ಥವಾಯಿತು.

“ಅಜ್ಜಿ, ಬೇಡ. ಅಜ್ಜಿ!”

ಬಿಟ್ಟೆ. ಅದು ಒಂದು ಕ್ಷಣ ಅನುಮಾನಿಸಿತು, ಆಮೇಲೆ ಹೊರಟಿತು. ಗರಗರ ಸದ್ದು ಮಾಡುತ್ತ, ಕ್ರೋಟನ್ ಕುಂಡಗಳನ್ನು ದಾಟಿ, ತಡೆಯಲು ಬಂದ ನಿತಿನ್ನನ ಕಾಲುಗಳ ನಡುವೆಯೇ ನುಗ್ಗಿ, ಗೇಟಿನ ಕಂಬಕ್ಕೆ ಹೋಗಿ ಡಿಕ್ಕಿ ಹೊಡೆದು ಮಗುಚಿತು. ಪಕ್ಕದಲ್ಲಿ ಓಡಲಿಕ್ಕೆ ನನ್ನಿಂದಾಗಲಿಲ್ಲ. ಗೋಡೆ ಹಿಡಿದುಕೊಂಡು ಕೊನೆಯ ತನಕ ನೋಡಿದೆ.

ನಿತಿನ್ ಅದನ್ನು ಎತ್ತಿಕೊಂಡು ಮುಂದಿನ ಮೂಲೆಯನ್ನೇ ನೋಡುತ್ತಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ.

“ಬಣ್ಣ ಕಿತ್ತು ಹೋಯ್ತು ಅಜ್ಜಿ.”

“ಹೋಗ್ಲಿ,” ಎಂದೆ. “ತಾ ಇಲ್ಲಿ, ಇನ್ನೊಂದ್ಸಲ ಬಿಡ್ತೀನಿ.”